ಮುಟ್ಟಿ ಅಳೆಯೋಣ

(ಸಂಘದ ವಾರ್ಷಿಕೋತ್ಸವದ ಸಂಜೆ ಆಡಿದ ಮಾತುಗಳ ಬರಹರೂಪ. ಅವತ್ತು ಹೊತ್ತಾಗಿ ಬಿಟ್ಟಿದ್ದನ್ನೂ ಇಲ್ಲಿ ಸೇರಿಸಿದ್ದೇನೆ.)



ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಬಿ.ಎ. ಓದೋನು, ನನ್ನ ವಿಷಯ ಚರಿತ್ರೆ. ಮೆಷಿನ್ ಬಗ್ಗೆ ಮಾತಾಡೋಕೆ ಇವನ್ಯಾರು ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಸಂಘದ ರೂಮಿನಲ್ಲಿರುವ ಸಣ್ಣ ಸಿಎನ್‌ಸಿ ಮೆಷಿನ್‌ಗೆ ಸೆಕೆಂಡ್ ಹ್ಯಾಂಡ್ ಟಚ್ ಪ್ರೋಬ್ ಜೋಡಿಸಿದ್ದು ನಾವು ನಾಲ್ಕು ಜನ, ನಮ್ಮಲ್ಲಿ ಒಬ್ಬರೂ ಎಂಜಿನಿಯರಿಂಗ್ ಓದಿದವರಲ್ಲ. ಅದು ಹೇಗಾಯ್ತು ಅನ್ನೋದನ್ನು ನಿಮಗೆ ಹೇಳಬೇಕು ಅಂತಲೇ ನಿಂತಿದ್ದೀನಿ.

ಕಥೆ ಶುರುವಾಗೋದು ಒಂದು ಬಾಗಿಲಿನಿಂದ. ನಮ್ಮ ಬೀದಿಯ ದೊಡ್ಡಮ್ಮನ ಹಳೇ ಮನೆ ಮಳೆಗೆ ಬಿದ್ದುಹೋಯ್ತು. ಉಳಿದಿದ್ದು ಬಾಗಿಲಿನ ಎರಡು ಹಲಗೆ. ಕೂಲಿ ದುಡ್ಡಲ್ಲಿ ಕೂಡಿಸಿ ಅವರ ಯಜಮಾನರು ಮಾಡಿಸಿದ್ದ ಬಾಗಿಲು ಅದು. "ಸಂಜೆ ಮಕ್ಕಳು ಓದ್ತಾವಲ್ಲ, ಆ ಕೋಣೆಗೆ ಬೋರ್ಡ್ ಮಾಡ್ಕಳ್ರಪ್ಪ" ಅಂತ ದೊಡ್ಡಮ್ಮ ಎರಡನ್ನೂ ನಮಗೇ ಕೊಟ್ಟರು. ಓದುಮನೆ ಅಂತ ಮೇಲೆ ಕನ್ನಡದಲ್ಲಿ, ಕೆಳಗೆ ತಮಿಳಿನಲ್ಲಿ ಕೊರೆಯೋಣ ಅಂತ ತೀರ್ಮಾನ ಮಾಡಿದೆವು.

ನಮ್ಮ ಮೆಷಿನ್ ನೀವು ನೋಡಿದ್ದೀರಿ. 3018 ಅಂತಾರೆ. ಸುಮಾರು 300 ಮಿಲಿಮೀಟರ್ ಉದ್ದ, 180 ಮಿಲಿಮೀಟರ್ ಅಗಲದೊಳಗೆ ಕೆಲಸ ಮಾಡುತ್ತೆ. ಕೊರೆಯೋಕೆ ಮುಂಚೆ ಅದಕ್ಕೆ ಒಂದು ವಿಷಯ ಹೇಳಿಕೊಡಬೇಕು, ಹಲಗೆಯ ಮೈ ಎಲ್ಲಿದೆ ಅಂತ. ನಾವು ಪೇಪರ್ ಇಟ್ಟು ನೋಡ್ತಿದ್ದೆವು. ಬಿಟ್ ಕೆಳಗೆ ಒಂದು ತುಂಡು ಪೇಪರ್ ಇಟ್ಟು ಆಡಿಸ್ತಾ, ನಿಧಾನಕ್ಕೆ ಇಳಿಸ್ತಾ ಬಂದರೆ ಒಂದು ಕಡೆ ಪೇಪರ್ ಹಿಡಿಯುತ್ತೆ. ಅದನ್ನೇ ಸೊನ್ನೆ ಅಂತ ಮೆಷಿನ್‌ಗೆ ಹೇಳಿ ಕೆಲಸ ಶುರು ಮಾಡೋದು. ಹೊಸ ಪ್ಲೈವುಡ್‌ಗೆ ಇದು ಸಾಕು. ಆದರೆ ಅದು ಎಷ್ಟೋ ಮಳೆ ಬಿಸಿಲು ಕಂಡ ಹಲಗೆ, ಕಣ್ಣಿಗೆ ಕಾಣದ ಹಾಗೆ ಬಾಗಿತ್ತು. ಮೂಲೆಯಲ್ಲಿ ಸೊನ್ನೆ ಹಿಡಿದು ಒಂದು ಮಿಲಿಮೀಟರ್ ಆಳಕ್ಕೆ ಕೊರೆಯೋಕೆ ಬಿಟ್ಟರೆ, ನಡುವಿನ ಅಕ್ಷರ ಗುಂಡಿ ಬಿದ್ದ ಹಾಗೆ ಇಳೀತು, ಕೊನೆಯ ಅಕ್ಷರಕ್ಕೆ ಬಿಟ್ ಮರವನ್ನೇ ಮುಟ್ಟಲಿಲ್ಲ. ಒಂದು ಹಲಗೆ ಹಾಳಾಯ್ತು.

ದೊಡ್ಡಮ್ಮ ಬೈಯಲಿಲ್ಲ. "ಇನ್ನೊಂದೈತಲ್ಲ, ಇದ್ನಾರ ನೆಟ್ಟಗೆ ಮಾಡ್ರಿ" ಅಂದರು. ಬೈದಿದ್ದರೆ ಇಷ್ಟು ಕಷ್ಟ ಆಗ್ತಿರಲಿಲ್ಲ. ಎರಡನೇ ಹಲಗೆ ಮುಟ್ಟೋಕೆ ನಮಗೆ ಎರಡು ತಿಂಗಳು ಧೈರ್ಯ ಬರಲಿಲ್ಲ.

ದಾರಿ ತೋರಿಸಿದ್ದು ನಮ್ಮ ಸಂಘದ ಒಬ್ಬ ಅಣ್ಣ. ದೇಂಕಣಿಕೋಟೆ ಮೇಲೆ ಬಸ್ಸು ಹಿಡಿದು ಹೊಸೂರಿನ ಒಂದು ಫ್ಯಾಕ್ಟರಿಗೆ ಕಾಂಟ್ರಾಕ್ಟ್ ಕೆಲಸಕ್ಕೆ ಹೋಗೋರು. ಮೆಷಿನ್ ಸುತ್ತ ಬಿದ್ದ ಕಬ್ಬಿಣದ ಚೂರು ಗುಡಿಸೋದು ಅವರ ಕೆಲಸ. ಎಂಟು ವರ್ಷದಿಂದ ಅಲ್ಲಿ ಅವರು ಕೇಳಿದ್ದು ಒಂದೇ ಮಾತು, "ದೂರ ನಿಂತ್ಕೋ, ಮುಟ್ಟಬೇಡ". ಅಪಾಯ ಆಗದಿರಲಿ ಅಂತಲೂ ಹೇಳಿರಬಹುದು. ಆದರೆ ಆಮೇಲೆ ಸೇರಿದ ಎಷ್ಟೋ ಜನ ಕಲಿತು ಮೆಷಿನ್ ಹತ್ತಿದರು, ಇವರ ಕೈಗೆ ಪೊರಕೆಯೇ ಉಳೀತು. ಕೈಗೆ ಕೊಡದಿದ್ದರೂ ಅಣ್ಣ ಕಣ್ಣಲ್ಲಿ ಕಲಿತಿದ್ದರು. "ದೊಡ್ಡ ಮೆಷಿನ್ ಕೊರೆಯೋಕೆ ಮುಂಚೆ ಒಂದು ಕೆಂಪು ಮಣಿ ಇಳಿಸಿ ಅಲ್ಲಲ್ಲಿ ಮುಟ್ಟಿ ನೋಡ್ತದೆ ಕಣ್ರೋ, ಆಮೇಲೆ ಕೆಲಸ ಶುರು ಮಾಡ್ತದೆ" ಅಂದರು. ಅದೇ ಟಚ್ ಪ್ರೋಬ್. ಆ ಕೆಂಪು ಮಣಿ ಮಾಣಿಕ್ಯದ ಉಂಡೆ, ಕಾರ್ಖಾನೆಯಲ್ಲಿ ತಯಾರಿಸಿದ ಮಾಣಿಕ್ಯ.

ಚರಿತ್ರೆ ವಿದ್ಯಾರ್ಥಿ ಆದ್ದರಿಂದ ಇದರ ಹುಟ್ಟನ್ನೂ ಹುಡುಕಿದೆ. 1972ರಲ್ಲಿ ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಕಂಪನಿಯಲ್ಲಿ ಕಾಂಕಾರ್ಡ್ ವಿಮಾನದ ಎಂಜಿನ್‌ಗೆ ಬೇಕಾದ ತೆಳು ಇಂಧನ ಪೈಪುಗಳನ್ನು ಅಳೆಯೋದು ಕಷ್ಟವಾಗಿತ್ತು. ಗಟ್ಟಿ ಮುಳ್ಳಿನಿಂದ ಒತ್ತಿದರೆ ಪೈಪೇ ಬಾಗಿ ಅಳತೆ ತಪ್ಪುತ್ತಿತ್ತು. ಅಲ್ಲಿದ್ದ ಡೇವಿಡ್ ಮೆಕ್‌ಮರ್ಟ್ರಿ ಅನ್ನೋರು ಮೆಲ್ಲಗೆ ಮುಟ್ಟಿದ ಕೂಡಲೇ ಸುದ್ದಿ ಕೊಡುವ ಪ್ರೋಬ್ ಮಾಡಿದರು. ಮುಂದಿನ ವರ್ಷ, 1973ರಲ್ಲಿ, ಜಾನ್ ಡೀರ್ ಜೊತೆ ಸೇರಿ ರೆನಿಷಾ ಕಂಪನಿ ಶುರು ಮಾಡಿದರು.

ಒಳಗಿನ ಕೆಲಸ ನಮ್ಮ ಮೂರು ಕಲ್ಲಿನ ಒಲೆ ಇದ್ದ ಹಾಗೆ. ಮೂರು ಕಲ್ಲಿನ ಮೇಲೆ ಪಾತ್ರೆ ಇಟ್ಟರೆ ಅಲ್ಲಾಡಲ್ಲ, ಅಲ್ಲವಾ? ಪ್ರೋಬ್ ಒಳಗೆ ಮೂರು ಸಣ್ಣ ಕಡ್ಡಿ, ಒಂದೊಂದು ಕಡ್ಡಿ ಎರಡೆರಡು ಉಂಡೆಯ ಮೇಲೆ ಕೂತಿರುತ್ತೆ. ಮೇಲಿನಿಂದ ಸ್ಪ್ರಿಂಗ್ ಒತ್ತುತ್ತೆ. ಈ ಎಲ್ಲಾ ಉಂಡೆ ಕಡ್ಡಿ ದಾಟಿಕೊಂಡು ಕರೆಂಟ್ ಹರಿಯುತ್ತೆ. ಕೆಳಗಿನ ಮಣಿ ಯಾವ ಪಕ್ಕದಿಂದ ತಗುಲಿದರೂ ಒಂದು ಕಡ್ಡಿಯಾದರೂ ಏಳುತ್ತೆ, ಕರೆಂಟ್ ತಪ್ಪುತ್ತೆ. ಬಿಟ್ಟ ಮೇಲೆ ಸ್ಪ್ರಿಂಗ್ ಅದನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸುತ್ತೆ. ಅಷ್ಟೇ. ಕೊನೆಗೆ ಅದೊಂದು ಸ್ವಿಚ್ಚು.

ಹೊಸದರ ರೇಟು ಕೇಳಿ ಸುಮ್ಮನೆ ವಾಪಸ್ ಬಂದೆವು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೇದು ಒಂದು 1,800 ರೂಪಾಯಿಗೆ ಸಿಕ್ತು. ನೀವೂ ತರೋದಾದರೆ ಮೂರು ನೋಡಿಕೊಳ್ಳಿ. ಒಂದು, ಅದರ ಹಿಡಿ ನಿಮ್ಮ ಮೆಷಿನ್‌ಗೆ ಹಿಡಿಸಬೇಕು. ನಮ್ಮದರಲ್ಲಿ ಇರೋದು ಇಆರ್11 ಕಾಲೆಟ್, 6 ಮಿಲಿಮೀಟರ್ ಹಿಡಿ ಸರಿಯಾಗಿ ಕೂರುತ್ತೆ. ಎರಡು, ಮಣಿಯ ಕಡ್ಡಿ ಬಿಚ್ಚಿ ಹಾಕುವಂಥದ್ದಾ ನೋಡಿ. ಮುರಿದರೆ ಅದೊಂದನ್ನೇ ಬದಲಾಯಿಸಬಹುದು. ಮೂರು, ಮಲ್ಟಿಮೀಟರ್ ಜೊತೆಗೆ ಒಯ್ಯಿರಿ. ಬೀಪ್ ಬರೋ ಕಡೆ ಇಟ್ಟು ಎರಡು ವೈರ್ ಮುಟ್ಟಿಸಿ. ಸುಮ್ಮನಿದ್ದಾಗ ಬೀಪ್ ಬರಬೇಕು, ಮಣಿಯನ್ನು ಬೆರಳಲ್ಲಿ ತಳ್ಳಿದರೆ ನಿಲ್ಲಬೇಕು, ಬಿಟ್ಟರೆ ಮತ್ತೆ ಬರಬೇಕು. ನಾಲ್ಕೂ ಕಡೆಯಿಂದ ತಳ್ಳಿ, ಕೆಳಗಿನಿಂದಲೂ ಒತ್ತಿ ನೋಡಿ. ಬೀಪ್ ತೊದಲಿದರೆ ಒಳಗೆ ಕೊಳೆ ಕೂತಿದೆ ಅಂತ ಅರ್ಥ, ಬೇಡ.

ಒಂದು ಎಚ್ಚರಿಕೆ. ಕೆಲವು ಪ್ರೋಬ್ ಒಳಗೆ ಬೇರೆ ಸರ್ಕ್ಯೂಟ್ ಇರುತ್ತೆ, 24 ವೋಲ್ಟಿನಲ್ಲಿ ಕೆಲಸ ಮಾಡುವಂಥವೂ ಇವೆ. ಅಂಥದ್ದನ್ನು ನೇರವಾಗಿ ಬೋರ್ಡಿಗೆ ಕೊಟ್ಟರೆ ಚಿಪ್ ಸುಡುತ್ತೆ. ನಡುವೆ ಪಿಸಿ817 ಥರದ ಆಪ್ಟೋಕಪ್ಲರ್ ಹಾಕಬೇಕು. ನಮ್ಮದು ಬರೀ ಸ್ವಿಚ್ಚು, ಬಚಾವ್.

ಈಗ ಜೋಡಿಸೋದು. ನಮ್ಮ ಬೋರ್ಡಿನಲ್ಲಿರೋ ಸಾಫ್ಟ್‌ವೇರ್ ಹೆಸರು ಗರ್ಬಲ್, ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದು. ಅದರಲ್ಲಿ ಪ್ರೋಬ್‌ಗೆ ಅಂತ ಎ5 ಪಿನ್ ಇದೆ. ಒಂದು ವೈರ್ ಎ5ಗೆ, ಇನ್ನೊಂದು ಗ್ರೌಂಡ್‌ಗೆ. ಯಾವುದು ಯಾವುದಕ್ಕೆ ಹಾಕಿದರೂ ನಡೆಯುತ್ತೆ, ಸ್ವಿಚ್ಚಿಗೆ ಹಿಂದು ಮುಂದು ಇಲ್ಲ. ಪವರ್ ಆಫ್ ಮಾಡಿ ಹಾಕಿ.

ಇಲ್ಲೇ ನಾವು ಒಂದು ದಿನ ಕಳೆದಿದ್ದು. ಎಲ್ಲಾ ಜೋಡಿಸಿ, ಇಳಿ ಅಂತ ಆಜ್ಞೆ ಕೊಟ್ಟರೆ ಮೆಷಿನ್ ಒಂದು ಕೂದಲೂ ಅಲ್ಲಾಡದೆ ಅಲಾರಂ 4 ಅಂತ ನಿಂತಿತು. ಮೋಸ ಹೋದೆವು, ಪ್ರೋಬ್ ಸತ್ತಿದೆ ಅಂದುಕೊಂಡೆವು. ಆಮೇಲೆ ಕೂತು ಓದಿದಾಗ ಗೊತ್ತಾಯ್ತು. ಗರ್ಬಲ್ ತನ್ನ ಪಾಡಿಗೆ ಅಂದುಕೊಂಡಿರೋದು, ಮುಟ್ಟಿದಾಗ ಕರೆಂಟ್ ಸೇರುತ್ತೆ ಅಂತ. ನಮ್ಮ ಪ್ರೋಬ್ ಉಲ್ಟಾ, ಮುಟ್ಟಿದಾಗ ತಪ್ಪುತ್ತೆ. ಹಾಗಾಗಿ ಶುರುವಿನಲ್ಲೇ "ಆಗಲೇ ಮುಟ್ಟಿಬಿಟ್ಟಿದೆ" ಅಂತ ಮೆಷಿನ್ ತಿಳಿದಿತ್ತು. $6=1 ಅಂತ ಒಂದು ಸಾಲು ಟೈಪ್ ಮಾಡಿದೆವು, ಸರಿಹೋಯ್ತು. ಉಲ್ಟಾ ಇರೋದೇ ಒಳ್ಳೆಯದು ಅನ್ನೋದೂ ಆಮೇಲೆ ತಿಳೀತು. ಎಲ್ಲಾದರೂ ವೈರ್ ಕಿತ್ತು ಹೋದರೆ ಕರೆಂಟ್ ತಪ್ಪಿ ಮೆಷಿನ್ ನಿಂತುಬಿಡುತ್ತೆ. ಇನ್ನೊಂದು ಥರದ್ದಾದರೆ ವೈರ್ ಕಿತ್ತಿದ್ದು ಗೊತ್ತಾಗದೆ ಮಣಿ ಮುರಿಯೋವರೆಗೂ ಇಳೀತಲೇ ಇರುತ್ತೆ.

ಮೊದಲ ಪರೀಕ್ಷೆ ಹಲಗೆ ಮೇಲೆ ಬೇಡ, ಗಾಳಿಯಲ್ಲಿ ಮಾಡಿ. ಕೊರೆಯೋ ಮೋಟರಿನ ವೈರ್ ಕಿತ್ತಿಡಿ, ಪ್ರೋಬ್ ಇರುವಾಗ ಅದು ತಿರುಗಿದರೆ ಕೇಬಲ್ ಸುತ್ತಿಕೊಂಡು ಎಲ್ಲಾ ಹೋಯ್ತು. ಪ್ರೋಬ್ ಎತ್ತರದಲ್ಲಿಟ್ಟು, ಇಂಗ್ಲಿಷ್ ಅಕ್ಷರದಲ್ಲಿ ಜಿ91, ಆಮೇಲೆ ಜಿ38.2 ಝಡ್-20 ಎಫ್50 ಅಂತ ಕೊಡಿ. ಅಂದರೆ, ಮುಟ್ಟೋವರೆಗೂ ಕೆಳಗಿಳಿ, 20 ಮಿಲಿಮೀಟರ್‌ಗಿಂತ ಜಾಸ್ತಿ ಬೇಡ, ನಿಮಿಷಕ್ಕೆ 50 ಮಿಲಿಮೀಟರ್ ವೇಗ. ಇಳೀತಿರುವಾಗ ಮಣಿಯನ್ನು ಬೆರಳಲ್ಲಿ ಮೆಲ್ಲಗೆ ತಳ್ಳಿ. ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಪವರ್ ತೆಗೀರಿ, ವೈರ್ ನೋಡಿ. ಯಾರೂ ಮುಟ್ಟದೆ 20 ಮಿಲಿಮೀಟರ್ ಇಳಿದರೆ ಅಲಾರಂ 5 ಬರುತ್ತೆ, ಅದು ತಪ್ಪಲ್ಲ, ಏನೂ ಸಿಗಲಿಲ್ಲ ಅಂತ ಹೇಳೋದು. ಮುಗಿದ ಮೇಲೆ ಜಿ90 ಕೊಟ್ಟು ಮೊದಲಿನ ಹಾಗೆ ಮಾಡೋದು ಮರೀಬೇಡಿ.

ನಮಗೆ ಇನ್ನೊಂದು ತೊಂದರೆ ಆಯ್ತು. ನಡು ಗಾಳಿಯಲ್ಲೇ ಮುಟ್ಟಿದೆ ಅಂತ ನಿಲ್ಲುತ್ತಿತ್ತು. ಅಂದವಾಗಿ ಕಾಣಲಿ ಅಂತ ಪ್ರೋಬಿನ ವೈರನ್ನು ಮೋಟರ್ ವೈರ್ ಜೊತೆ ಸೇರಿಸಿ ಕಟ್ಟಿದ್ದೆವು. ಮೋಟರಿನ ಗಲಾಟೆ ಇದಕ್ಕೆ ತಗುಲುತ್ತಿತ್ತು. ಬೇರೆ ದಾರಿಯಲ್ಲಿ ಶೀಲ್ಡ್ ಇರೋ ವೈರ್ ಎಳೆದು, ಶೀಲ್ಡನ್ನು ಬೋರ್ಡಿನ ಕಡೆ ಮಾತ್ರ ಗ್ರೌಂಡ್‌ಗೆ ಸೇರಿಸಿ, ಎ5ಗೂ ಗ್ರೌಂಡ್‌ಗೂ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ನಿಂತಿತು. ಆಮೇಲೆ ಒಂದೇ ಜಾಗವನ್ನು ಹತ್ತು ಸಲ ಮುಟ್ಟಿಸಿ, ಬಂದ ಅಂಕಿಯನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದೆವು. ಹತ್ತೂ 0.02 ಮಿಲಿಮೀಟರ್ ಒಳಗೇ ಇದ್ದವು. ಮರದ ಕೆಲಸಕ್ಕೆ ಧಾರಾಳವಾಯ್ತು.

ಆಮೇಲೆ ಎರಡನೇ ಹಲಗೆ ಇಟ್ಟೆವು. ಕ್ಯಾಂಡಲ್ ಅನ್ನೋ ಪ್ರೋಗ್ರಾಂನಲ್ಲಿ ಹೈಟ್ ಮ್ಯಾಪ್ ಇದೆ. ಉದ್ದಕ್ಕೆ ಐದು, ಅಗಲಕ್ಕೆ ಮೂರು, ಹದಿನೈದು ಕಡೆ ಮಣಿ ಇಳಿದು ಮುಟ್ಟಿ ಎದ್ದಿತು. ಮೂಲೆಗೂ ನಡುವಿಗೂ 1.4 ಮಿಲಿಮೀಟರ್ ವ್ಯತ್ಯಾಸ. ನಾವು ಕೊರೆಯೋಕೆ ಹೊರಟಿದ್ದೇ 1 ಮಿಲಿಮೀಟರ್! ಮೊದಲ ಹಲಗೆ ಯಾಕೆ ಹಾಳಾಯ್ತು ಅಂತ ಅಲ್ಲೇ ಗೊತ್ತಾಯ್ತು. ಈಗ ಹಲಗೆ ಎಲ್ಲಿ ಏರಿದೆಯೋ ಅಲ್ಲಿ ಬಿಟ್ ಏರುತ್ತೆ, ಎಲ್ಲಿ ಇಳಿದಿದೆಯೋ ಅಲ್ಲಿ ಇಳಿಯುತ್ತೆ. ಒಂದು ಮಾತ್ರ ನೆನಪಿಡಿ. ಪ್ರೋಬ್ ಉದ್ದ ಬೇರೆ, ಬಿಟ್ ಉದ್ದ ಬೇರೆ. ಮ್ಯಾಪಿನಲ್ಲಿ ಸೊನ್ನೆ ಹಿಡಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಬಿಟ್ ಹಾಕಿದ ಮೇಲೆ ಅದೇ ಗುರುತಿನ ಮೇಲೆ ಮತ್ತೆ ಸೊನ್ನೆ ಹಿಡೀಬೇಕು. ಅಲ್ಲಿಗೆ ಹಳೇ ಪೇಪರೇ ಸಾಕು. ಪಕ್ಕದ ಅಂಚನ್ನು ಪ್ರೋಬಿನಲ್ಲಿ ಹಿಡಿಯೋದಾದರೆ ಮಣಿಯ ಅರ್ಧ ದಪ್ಪ ಲೆಕ್ಕಕ್ಕೆ ತಗೋಬೇಕು. ನಮ್ಮ ಮಣಿ 2 ಮಿಲಿಮೀಟರ್, ಅರ್ಧ ಅಂದರೆ 1.

ಇದನ್ನೆಲ್ಲ ನಮ್ಮ ಸಂಘದ ಪುಸ್ತಕದಲ್ಲಿ ಯಾಕೆ ಬರೀಬೇಕು ಅಂತ ಕೇಳಬಹುದು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಮುಟ್ಟಿದರು. ಅಲ್ಲಿನ ಪುರಸಭೆ ಕೆರೆ ಎಲ್ಲರಿಗೂ ಸೇರಿದ್ದು ಅಂತ ಆಗಲೇ ಹೇಳಿತ್ತು, ಕಾಗದದಲ್ಲಿ. ಕೈ ಇಟ್ಟು ಮುಟ್ಟೋವರೆಗೂ ಅದು ಕಾಗದವೇ. ಕಂಪ್ಯೂಟರ್, ಮೆಷಿನ್ ಕೂಡ ಎಲ್ಲರಿಗೂ ಅಂತ ಇವತ್ತು ಕಾಗದ ಹೇಳುತ್ತೆ. ಆದರೆ ನಮ್ಮ ಎಷ್ಟು ಹುಡುಗ ಹುಡುಗಿಯರು "ನಮಗ್ಯಾಕೆ, ಏನಾದರೂ ಕೆಟ್ಟರೆ" ಅಂತ ತಾವಾಗೇ ದೂರ ನಿಲ್ತಾರೆ! ನಾನೂ ಅವರಲ್ಲಿ ಒಬ್ಬ. ಅಲಾರಂ 4 ಬಂದ ದಿನ, ನಮ್ಮಂಥೋರ ಕೈಗೆ ಇದು ಹತ್ತಲ್ಲ ಅಂತ ನನ್ನ ಬಾಯಲ್ಲೇ ಬಂತು. ಆಗ ಫ್ಯಾಕ್ಟರಿ ಅಣ್ಣ "ಎಂಟು ವರ್ಷ ನಾನು ಇದನ್ನೇ ನಂಬಿದ್ದೆ, ನೀನು ನಂಬಬೇಡ. ತಿರುಗಿ ಓದು" ಅಂದರು. ತಿರುಗಿ ಓದಿದೆವು. ಸಿಕ್ಕಿದ್ದು ಒಂದು ಸಾಲಿನ ಉತ್ತರ.

ಈಗ ಆ ಅಣ್ಣನೇ ಭಾನುವಾರ ಭಾನುವಾರ ರೂಮಿನಲ್ಲಿ ಮೆಷಿನ್ ಓಡಿಸ್ತಾರೆ. ಹಾಳಾದ ಹಲಗೆಯನ್ನು ಬಿಸಾಡಿಲ್ಲ, ಹೊಸಬರು ಅದರ ಮೇಲೇ ಕಲಿಯೋದು. ನಾವು ಮಾಡಿದ ತಪ್ಪೆಲ್ಲ ಕನ್ನಡದಲ್ಲಿ ಬರೆದಿಟ್ಟ ನೋಟ್‌ಬುಕ್ ಮೆಷಿನ್ ಪಕ್ಕದಲ್ಲೇ ಇದೆ. ತಂಗಿಯರೇ, ನಿಮಗೂ ಹೇಳ್ತಿದ್ದೀನಿ, ಬನ್ನಿ.

ಬೋರ್ಡ್ ಹೊಡೆದ ದಿನ ದೊಡ್ಡಮ್ಮ ಬಂದಿದ್ದರು. ಅವರಿಗೆ ಓದು ಬರಲ್ಲ. ಹಲಗೆ ಹತ್ತಿರ ನಿಂತು, ಮೊದಲ ಅಕ್ಷರದ ಗೀರಿನೊಳಗೆ ಬೆರಳಿಟ್ಟು ಶುರುವಿನಿಂದ ಕೊನೆವರೆಗೂ ಎಳೆದರು. "ಇದ್ಯಾವ ಅಕ್ಷರನಪ್ಪ?" ಅಂದರು. "ಓ, ದೊಡ್ಡಮ್ಮ" ಅಂದೆ. ಮತ್ತೊಂದು ಸಲ ಬೆರಳು ಎಳೆದು, ಮುಂದಿನ ಅಕ್ಷರಕ್ಕೆ ಹೋದರು.