ಸೂತ್ರ ಯಾರ ಕೈಯಲ್ಲಿದೆ?

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಾದಕ ವ್ಯಸನದ ಕುರಿತು ಚರ್ಚಿಸುವಾಗ ನಾವು ಹಾಡುಗಳನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸುತ್ತೇವೆ. ಈ ಆರೋಪ ಪೂರ್ತಿ ನಿರಾಧಾರವಲ್ಲ. 1971ರಲ್ಲಿ ತೆರೆಕಂಡ ದೇವಾನಂದ್‌ರ ‘ಹರೇ ರಾಮ ಹರೇ ಕೃಷ್ಣ’ ಚಿತ್ರವು ನಶೆಗೆ ಬಲಿಯಾದ ತಂಗಿಯೊಬ್ಬಳ ದುರಂತ ಕಥೆ. ಆದರೆ ಜನಮನದಲ್ಲಿ ಉಳಿದದ್ದು ಆ ದುರಂತವಲ್ಲ, ‘ದಮ್ ಮಾರೋ ದಮ್’ ಹಾಡು. ಜನರು ಎಚ್ಚರಿಕೆಯನ್ನು ಮರೆತು ಆಮಂತ್ರಣವನ್ನು ಮಾತ್ರ ನೆನಪಿಟ್ಟುಕೊಂಡರು.

ಇದಕ್ಕೆ ತದ್ವಿರುದ್ಧವಾದ ಹಾಡುಗಳೂ ಇವೆ. ಅಮೆರಿಕದ ಮೆಟಾಲಿಕಾ ತಂಡವು 1986ರಲ್ಲಿ ಹೊರತಂದ ‘ಮಾಸ್ಟರ್ ಆಫ್ ಪಪೆಟ್ಸ್’ ಅಂತಹದ್ದು. ಸೂತ್ರದ ಬೊಂಬೆಗಳ ಒಡೆಯ ಎಂಬುದು ಅದರ ಅರ್ಥ. ಅಲ್ಲಿ ಮಾತನಾಡುವುದು ವ್ಯಸನಿಯಲ್ಲ, ಸ್ವತಃ ಮಾದಕ ವಸ್ತು. ಅದು ಯಜಮಾನನಂತೆ ಆಜ್ಞಾಪಿಸುತ್ತದೆ. ತಾನೇ ಅದನ್ನು ಸೇವಿಸುತ್ತಿದ್ದೇನೆಂದು ಭಾವಿಸಿದವನು ಅದರ ಸೇವಕನಾಗುತ್ತಾನೆ. 2022ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಮೂಲಕ ಈ ಹಾಡು ಹೊಸ ಪೀಳಿಗೆಯನ್ನು ತಲುಪಿತು. ನಿಮ್ಮ ಮಕ್ಕಳ ಮೊಬೈಲಿನಲ್ಲಿಯೂ ಇದ್ದೀತು. ಅಬ್ಬರಕ್ಕೆ ಬೇಸತ್ತು ಗದರಿಸುವ ಮುನ್ನ ಅದರ ಅರ್ಥವೇನೆಂದು ಅವರಲ್ಲೇ ಕೇಳಿರಿ. ಒಂದು ಒಳ್ಳೆಯ ಮಾತುಕತೆಗೆ ಅದು ದಾರಿಯಾದೀತು.

ಈ ಬೊಂಬೆಯ ಹೋಲಿಕೆ ಕೇವಲ ಕವಿಕಲ್ಪನೆಯಲ್ಲ. ನಿರಂತರ ಸೇವನೆಯು ಮಿದುಳಿನ ಕಾರ್ಯವಿಧಾನವನ್ನೇ ಬದಲಿಸುತ್ತದೆ. ಮೊದಲಿನ ಪ್ರಮಾಣ ಸಾಲದಾಗುತ್ತದೆ; ನಿಲ್ಲಿಸಿದರೆ ದೇಹ ತತ್ತರಿಸುತ್ತದೆ. ಇದನ್ನರಿಯದ ನಾವು, ‘ಮನಸ್ಸು ಮಾಡಿದರೆ ಬಿಡಬಹುದಲ್ಲವೇ?’ ಎನ್ನುತ್ತೇವೆ. ಆದರೆ ಮೊದಲು ಪೆಟ್ಟು ಬಿದ್ದಿರುವುದು ಆ ಮನಸ್ಸಿಗೇ ಅಲ್ಲವೇ? ನಾವು ಅದನ್ನು ಅವಿಧೇಯತೆಯೆಂದು ಬಗೆದು ಬಯ್ಯುತ್ತೇವೆ, ಹೊಡೆಯುತ್ತೇವೆ, ಕೊನೆಗೆ ಮನೆಯಿಂದ ಹೊರಹಾಕುತ್ತೇವೆ.

ಗಾಯಕ ನೀಲ್ ಯಂಗ್ 1972ರಲ್ಲಿ ಹೊರತಂದ ‘ದ ನೀಡಲ್ ಆಂಡ್ ದ ಡ್ಯಾಮೇಜ್ ಡನ್’ ಹಾಡಿಗೆ ಅವರ ಸಂಗಡಿಗ ಡ್ಯಾನಿ ವಿಟ್ಟನ್‌ರ ಹೆರಾಯಿನ್ ವ್ಯಸನ ಪ್ರೇರಣೆಯಾಗಿತ್ತು. ಅದೇ ವರ್ಷ ನವೆಂಬರಿನಲ್ಲಿ, ನುಡಿಸಲಾಗದ ಸ್ಥಿತಿಯಲ್ಲಿದ್ದ ವಿಟ್ಟನ್‌ರನ್ನು ತಂಡದಿಂದ ಬಿಟ್ಟು ಊರಿಗೆ ಕಳುಹಿಸಲಾಯಿತು. ಅಂದು ರಾತ್ರಿಯೇ ಅವರು ಮೃತಪಟ್ಟರು. ವಯಸ್ಸು 29. ಹಾಡಿನ ಎಚ್ಚರಿಕೆಯಾಗಲಿ, ಹೊರಹಾಕುವುದಾಗಲಿ ಚಿಕಿತ್ಸೆಯಲ್ಲ.

ಹಾಗೆಂದು ಬೊಂಬೆಯ ಹೋಲಿಕೆಯೇ ಅಂತಿಮ ಸತ್ಯವಲ್ಲ. ಬೊಂಬೆಗೆ ಜೀವವಿಲ್ಲ, ಮನುಷ್ಯನಿಗಿದೆ. ಮೆಟಾಲಿಕಾದ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ತಾವೇ 2001ರಲ್ಲಿ ವ್ಯಸನಮುಕ್ತಿ ಕೇಂದ್ರ ಸೇರಿದರು. ಮತ್ತೆ 2019ರಲ್ಲಿ ಸೇರಿದರು. ಎರಡು ಬಾರಿಯೂ ವೇದಿಕೆಗೆ ಮರಳಿದರು. ಮರಳಿ ಜಾರುವುದು ಎಲ್ಲವೂ ಮುಗಿದುದರ ಸೂಚನೆಯಲ್ಲ.

ಮಾನಕ್ಕಂಜಿ ರೋಗವನ್ನು ಮುಚ್ಚಿಡುವ ಮನೆಗಳು ಆ ಯಜಮಾನನಿಗೇ ಆಶ್ರಯ ನೀಡುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. 14446 ರಾಷ್ಟ್ರೀಯ ಸಹಾಯವಾಣಿಯಿದೆ. ಮಗನಿಗೆ ಬೀಗ ಹಾಕುವ ಬದಲು ಅವನ ಕೈಹಿಡಿದು ವೈದ್ಯರ ಬಳಿಗೆ ನಡೆಯಿರಿ.