ಮಳೆಗಾಲದ ಬಾಗಿಲು, ಗುಂಡುಹಿಡಿಯ ಬೀಗ



ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮನೆಮನೆಯಲ್ಲಿ ಒಂದು ದೂರು ಕೇಳಿಬರುತ್ತದೆ: ಬಾಗಿಲಿನ ಬೀಗ ಕೆಟ್ಟಿದೆ. ಕೀಲಿಕೈ ತಿರುಗುವುದಿಲ್ಲ, ತಿರುಗಿದರೂ ಬಾಗಿಲು ಬಿಡುವುದಿಲ್ಲ. ಮನೆಯವರು ಪೇಟೆಗೆ ಹೋಗಿ ಹೊಸ ಬೀಗ ತರುತ್ತಾರೆ. ಮುಂದಿನ ಮಳೆಗಾಲದಲ್ಲಿ ಆ ಹೊಸ ಬೀಗವೂ ಅದೇ ಹಠ ಹಿಡಿಯುತ್ತದೆ. ಏಕೆಂದರೆ ಅನೇಕ ಸಲ ಕೆಟ್ಟಿರುವುದು ಬೀಗವಲ್ಲ. ತೇವ ಕುಡಿದು ಉಬ್ಬಿದ ಬಾಗಿಲು. ಅಡಿಕೆ ಮರದ ಸೋಗೆ ಹಳದಿಯಾದಾಗ ಬುಡದಲ್ಲಿ ನೀರು ನಿಂತಿದೆಯೇ ಎಂದು ನೋಡದೆ ಎಲೆಗೆ ಔಷಧಿ ಹೊಡೆದರೆ ಏನು ಫಲವೋ, ಇಲ್ಲಿಯೂ ಅಷ್ಟೇ ಫಲ. ಮೊದಲು ರೋಗ ಯಾವುದೆಂದು ತಿಳಿಯಬೇಕು. ಮದ್ದು ಆಮೇಲಿನ ಮಾತು.

ಪೇಟೆಯಲ್ಲಿ ‘ರೌಂಡ್ ಲಾಕ್’ ಎಂದು ಕರೆಯುವ ಈ ಗುಂಡುಹಿಡಿಯ ಬೀಗವು ಮಲೆನಾಡಿನ ಮನೆಗಳಿಗೆ ಅಗಳಿ, ಚಿಲಕಗಳ ನಂತರ ಬಂದದ್ದು. ಅದರೊಳಗಿನ ಪಿನ್ನಿನ ಸಿಲಿಂಡರಿಗೆ ಈಗಿನ ರೂಪವನ್ನು ಕೊಟ್ಟವನು ಅಮೆರಿಕದ ಕಿರಿಯ ಲೈನಸ್ ಯೇಲ್. ಕಾಲ 1860ರ ದಶಕ. ಹಿಡಿಯ ಒಳಗೇ ಬೀಗವನ್ನು ಅಡಗಿಸುವ ಪದ್ಧತಿಯನ್ನು 1920ರ ದಶಕದಲ್ಲಿ ಜನಪ್ರಿಯಗೊಳಿಸಿದವನು ಅದೇ ದೇಶದ ವಾಲ್ಟರ್ ಶ್ಲೇಗ್. ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಐದು ಜೋಡಿ ಸಣ್ಣ ಪಿನ್ನುಗಳಿದ್ದು, ಪ್ರತಿ ಜೋಡಿಯ ಮೇಲೂ ಒಂದು ಸ್ಪ್ರಿಂಗ್ ಇರುತ್ತದೆ. ಸರಿಯಾದ ಕೀಲಿಕೈಯ ಹಲ್ಲುಗಳು ಎಲ್ಲ ಜೋಡಿಗಳ ಸಂದನ್ನು ಒಂದೇ ರೇಖೆಗೆ ತಂದಾಗ ಮಾತ್ರ ಸಿಲಿಂಡರು ತಿರುಗಿ, ಬಾಗಿಲಿನ ಅಂಚಿನ ನಾಲಿಗೆಯನ್ನು ಎಳೆಯಲು ಹಿಡಿಗೆ ಅನುವು ಮಾಡಿಕೊಡುತ್ತದೆ. ಆ ನಾಲಿಗೆಯು ದಾರಂದದಲ್ಲಿ ಕೂರಿಸಿದ ತಗಡಿನ ಕಿಂಡಿಯಲ್ಲಿ ನಿಲ್ಲುತ್ತದೆ. ಹೀಗೆ ಕೀಲಿಕೈ, ಸಿಲಿಂಡರು, ನಾಲಿಗೆ, ತಗಡು ಎಂಬ ನಾಲ್ಕು ಅಂಗಗಳು, ಐದನೆಯದು ಮರ.

ಮರವು ಉದ್ದಕ್ಕೆ ಬೆಳೆಯದಿದ್ದರೂ ಅಡ್ಡಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಬೇಸಗೆಯಲ್ಲಿ ಶೇ. 12ರಷ್ಟಿದ್ದ ಮರದ ತೇವಾಂಶವು ಮಳೆಗಾಲದಲ್ಲಿ ಶೇ. 16ಕ್ಕೆ ಏರಿತೆನ್ನೋಣ. ಹಲಗೆ ಜೋಡಿಸಿದ 75 ಸೆಂ.ಮೀ. ಅಗಲದ ಸಾಗುವಾನಿ ಬಾಗಿಲು ಅಷ್ಟಕ್ಕೇ 2ರಿಂದ 5 ಮಿ.ಮೀ. ಅಗಲವಾಗಬಲ್ಲದು, ಹಲಗೆಯನ್ನು ಮರದಿಂದ ಕೊಯ್ದ ಬಗೆಯ ಮೇಲೆ ಈ ಅಂತರ ನಿಂತಿದೆ. ಬಾಗಿಲಿಗೂ ದಾರಂದಕ್ಕೂ ನಡುವೆ ಬಡಗಿ ಬಿಡುವ ಸಂದು 2–3 ಮಿ.ಮೀ. ಮಾತ್ರ. ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ ಸುರಿಯುವ ಆಗುಂಬೆಯಂಥ ಊರಿನಲ್ಲಿ ಬಾಗಿಲು ಬಿಗಿಯಾಗುವುದು ಆಶ್ಚರ್ಯವಲ್ಲ. ಬಿಗಿಯಾದ ಬಾಗಿಲು ನಾಲಿಗೆಯನ್ನು ತಗಡಿಗೆ ಒತ್ತಿ ಹಿಡಿಯುತ್ತದೆ. ಬೈಗುಳ ಮಾತ್ರ ಬೀಗಕ್ಕೆ.

ಪರೀಕ್ಷೆ ಸುಲಭವಾಗಿದೆ. ಬಾಗಿಲನ್ನು ತೆರೆದಿಟ್ಟು ಕೀಲಿಕೈಯನ್ನೂ ಹಿಡಿಯನ್ನೂ ತಿರುಗಿಸಬೇಕು. ತೆರೆದಾಗ ಎಲ್ಲವೂ ಸಲೀಸಾಗಿದ್ದು ಮುಚ್ಚಿದಾಗ ಮಾತ್ರ ಹಿಡಿದರೆ ದೋಷ ಬೀಗದಲ್ಲಿಲ್ಲ. ತೆರೆದಿದ್ದಾಗಲೂ ಕೀಲಿಕೈ ಹಿಡಿದರೆ, ಕಡಿಮೆ ಬಳಸಿದ ಇನ್ನೊಂದು ಕೀಲಿಕೈಯನ್ನು ಹಾಕಿ ನೋಡಬೇಕು. ಅದು ಸಲೀಸಾಗಿ ತಿರುಗಿದರೆ ಹಲ್ಲು ಸವೆದಿರುವುದು ಹಳೆಯ ಕೀಲಿಕೈಯದು. ನಕಲು ಮಾಡಿಸುವಾಗ ಸವೆಯದ ಮೂಲ ಕೀಲಿಕೈಯನ್ನೇ ಕೊಡಬೇಕು. ಸವೆದದ್ದರ ನಕಲು ಸವೆದೇ ಇರುತ್ತದೆ. ಎರಡೂ ತಿರುಗದಿದ್ದರೆ ದೋಷ ಸಿಲಿಂಡರಿನಲ್ಲಿದೆ. ಬೀಗ ಬಿಟ್ಟು ಹಿಡಿ ತಿರುಗಿದರೂ ನಾಲಿಗೆ ಒಳಸರಿಯದಿದ್ದರೆ ಒಳಗಿನ ಕೊಂಡಿ ತಪ್ಪಿದೆ ಅಥವಾ ಮುರಿದಿದೆ. ಒಳಸರಿದ ನಾಲಿಗೆ ಮರಳಿ ಹೊರಬಾರದಿದ್ದರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಬಣ್ಣ ಬಳಿಯುವಾಗ ನಾಲಿಗೆಗೂ ಬಣ್ಣ ಅಂಟಿದೆ.

ದೋಷ ಬಾಗಿಲಿನದೆಂದು ತಿಳಿದರೆ ಮೊದಲು ಕೀಲುಗಳನ್ನು ನೋಡಬೇಕು. ಮೇಲಿನ ಕೀಲಿನ ಸ್ಕ್ರೂ ಸಡಿಲಾದರೆ ಬಾಗಿಲು ಜಗ್ಗಿ, ನಾಲಿಗೆ ಕಿಂಡಿಗಿಂತ ಕೆಳಗೆ ಬರುತ್ತದೆ. ಸ್ಕ್ರೂವಿನ ತೂತು ದೊಡ್ಡದಾಗಿದ್ದರೆ ಒಣಗಿದ ಬಿದಿರಿನ ಸೀಳನ್ನು ಅಂಟು ಸವರಿ ತುಂಬಿ, ಮತ್ತೆ ಬಿಗಿಯಬೇಕು. ಬಳಿಕ ನಾಲಿಗೆಯ ತುದಿಗೆ ಸೀಮೆಸುಣ್ಣ ಉಜ್ಜಿ ಬಾಗಿಲನ್ನು ಮುಚ್ಚಿದರೆ ಅದು ತಗಡಿನ ಯಾವ ಭಾಗಕ್ಕೆ ತಾಗುತ್ತದೆಂಬುದು ಗುರುತಾಗಿ ಕಾಣುತ್ತದೆ. ಅಲ್ಲಿ ಅರದಿಂದ ಒಂದೆರಡು ಮಿ.ಮೀ. ಉಜ್ಜಿದರೆ ಸಾಕು, ಹೆಚ್ಚು ಬೇಕಾದರೆ ತಗಡನ್ನೇ ಸರಿಸಿ ಕೂರಿಸುವುದು ಲೇಸು. ನಾಲಿಗೆಯ ಪಕ್ಕದಲ್ಲಿ ಸಣ್ಣ ಕಡ್ಡಿಯೊಂದಿದ್ದರೆ ಅದು ತಗಡಿಗೆ ಒತ್ತಿಕೊಂಡೇ ಇರಬೇಕು. ಕಿಂಡಿ ಅಗಲವಾಗಿ ಕಡ್ಡಿಯೂ ಒಳಗೆ ಬಿದ್ದರೆ ಬೀಗದ ಭದ್ರತೆ ಹೋಗುತ್ತದೆ.

ಮಳೆಗಾಲದಲ್ಲಿ ಬಾಗಿಲಿನ ಅಂಚನ್ನು ಕೀಸುಳಿಯಿಂದ ಹೊಡೆಯಲು ಅವಸರಪಡಬಾರದು. ಜುಲೈಯಲ್ಲಿ ಕೀಸಿದ ಬಾಗಿಲು ಫೆಬ್ರವರಿಯಲ್ಲಿ ಕುಗ್ಗಿ, ನಾಲಿಗೆ ಕಿಂಡಿಯನ್ನು ಮುಟ್ಟದಂತಾಗುತ್ತದೆ. ಬದಲಿಗೆ ಬೇಸಗೆಯಲ್ಲಿ ಬಾಗಿಲು ಒಣಗಿದ್ದಾಗ ಅದರ ಮೇಲಂಚು ಕೆಳಂಚುಗಳಿಗೂ ವಾರ್ನಿಷ್ ಅಥವಾ ಬಣ್ಣ ಬಳಿಯಬೇಕು. ಮರ ನೀರನ್ನು ಅತಿ ಬೇಗ ಹೀರುವುದು ಕೊಯ್ದ ತುದಿಗಳಿಂದ. ಬಣ್ಣ ಬಳಿಯುವವರು ಮರೆಯುವುದೂ ಅವನ್ನೇ.

ದೋಷ ಸಿಲಿಂಡರಿನಲ್ಲಿದ್ದರೆ ಕೈಗೆ ಸಿಗುವ ಮೊದಲ ಮದ್ದು ತೆಂಗಿನೆಣ್ಣೆ. ಅದೇ ತಪ್ಪು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಪುಷ್ಯಮಾಸದ ಬೆಳಗಿನಲ್ಲಿ ಬಾಟಲಿಯೊಳಗೆ ಗಟ್ಟಿಯಾಗುವ ಎಣ್ಣೆಯು ಬೀಗದೊಳಗೂ ಗಟ್ಟಿಯಾಗಿ, ಧೂಳನ್ನು ಹಿಡಿದು, ಪಿನ್ನುಗಳನ್ನು ಕಚ್ಚಿಸುತ್ತದೆ. ಸಿಲಿಂಡರಿಗೆ ಬೇಕಾದದ್ದು ಒಣ ಜಾರುಪುಡಿ, ಅಂದರೆ ಗ್ರಾಫೈಟ್. ಮೆದುವಾದ ಪೆನ್ಸಿಲಿನ ಕಡ್ಡಿಯಲ್ಲಿರುವುದೂ ಅದೇ. ಕೀಲಿಕೈಯ ಹಲ್ಲುಗಳಿಗೆ ಪೆನ್ಸಿಲನ್ನು ಚೆನ್ನಾಗಿ ಉಜ್ಜಿ, ಹತ್ತಾರು ಬಾರಿ ಒಳಗೆ ಹೊರಗೆ ಆಡಿಸಿದರೆ ಎಷ್ಟೋ ಬೀಗಗಳು ಮತ್ತೆ ಮಾತು ಕೇಳುತ್ತವೆ. ನಾಲಿಗೆಗೆ ಮಾತ್ರ ತೆಳುವಾದ ಯಂತ್ರದೆಣ್ಣೆ ಸಲ್ಲುತ್ತದೆ.

ಬಿಚ್ಚಲೇಬೇಕಾದರೆ ಬಾಗಿಲು ತೆರೆದಿರಬೇಕು. ಒಳಹಿಡಿಯ ಕತ್ತಿನಲ್ಲಿ ಸಣ್ಣ ತೂತು ಅಥವಾ ಸೀಳು ಇರುತ್ತದೆ. ಅದರೊಳಗಿನ ಕೊಕ್ಕೆಯನ್ನು ತೆಳು ಮೊಳೆಯಿಂದ ಒತ್ತಿ ಎಳೆದರೆ ಹಿಡಿ ಕಳಚುತ್ತದೆ. ಅದರ ಹಿಂದಿನ ಬಿಲ್ಲೆಯನ್ನು ಎಬ್ಬಿಸಿದರೆ ಎರಡು ಉದ್ದ ಸ್ಕ್ರೂಗಳು ಕಾಣುತ್ತವೆ. ಅವುಗಳನ್ನು ತೆಗೆದರೆ ಬೀಗ ಎರಡು ಹೋಳಾಗಿ ಬರುತ್ತದೆ. ನಾಲಿಗೆಯನ್ನು ಅಂಚಿನ ಎರಡು ಸ್ಕ್ರೂಗಳು ಹಿಡಿದಿರುತ್ತವೆ. ನಾಲಿಗೆಯೊಂದೇ ಕೆಟ್ಟಿದ್ದರೆ ಅದನ್ನೊಂದೇ ಬದಲಿಸಬಹುದು. ಕೀಲಿಕೈ ಕಳೆದುಹೋದರೂ ಬೀಗವನ್ನು ಎಸೆಯಬೇಕಿಲ್ಲ; ಬೀಗದ ಕೆಲಸ ಬಲ್ಲವರು ಸಿಲಿಂಡರಿನ ಪಿನ್ನುಗಳನ್ನು ಬದಲಿಸಿ ಹೊಸ ಕೀಲಿಕೈ ಮಾಡಿಕೊಡಬಲ್ಲರು.

ಪೂರ್ತಿ ಬೀಗವನ್ನೇ ಬದಲಿಸಬೇಕಾದರೆ ಮೂರು ಅಳತೆಗಳನ್ನು ಬರೆದುಕೊಂಡು ಪೇಟೆಗೆ ಹೋಗಬೇಕು: ಬಾಗಿಲಿನ ದಪ್ಪ, ದೊಡ್ಡ ತೂತಿನ ಅಗಲ, ಬಾಗಿಲಿನ ಅಂಚಿನಿಂದ ಆ ತೂತಿನ ನಡುವಿಗಿರುವ ದೂರ. ದೊಡ್ಡ ತೂತು ಸಾಮಾನ್ಯವಾಗಿ 54 ಮಿ.ಮೀ. ಇದ್ದು, ದೂರ 60 ಅಥವಾ 70 ಮಿ.ಮೀ. ಇರುತ್ತದೆ. ಅಳತೆ ಹೊಂದಿದರೆ ಹಳೆಯ ತೂತಿನಲ್ಲೇ ಹೊಸ ಬೀಗ ಕೂರುತ್ತದೆ. ಹೊಂದದಿದ್ದರೆ ಬಾಗಿಲಿಗೆ ಇನ್ನೊಂದು ಗಾಯ. ಅಜ್ಜನ ಕಾಲದ ಹಲಸಿನ ಬಾಗಿಲಿನ ಅಂಚುಪಟ್ಟಿ 9 ಸೆಂ.ಮೀ. ಅಗಲವಿದ್ದರೆ, 54 ಮಿ.ಮೀ. ತೂತು ಅದರ ಅರ್ಧಕ್ಕಿಂತ ಹೆಚ್ಚನ್ನು ತಿನ್ನುತ್ತದೆ. ಅಂಥ ಬಾಗಿಲಿಗೆ ಈ ಬೀಗ ತಕ್ಕದ್ದಲ್ಲ. ಚಿಲಕವೂ ತೂಗುಬೀಗವೂ ಸಾಕು.

ಒಂದು ಎಚ್ಚರಿಕೆ ಎಲ್ಲಕ್ಕಿಂತ ಮುಖ್ಯವಾದುದು. ಕೋಣೆಗೋ ಬಚ್ಚಲಿಗೋ ಈ ಬೀಗವಿದ್ದು, ಒಳಗೆ ಮಗು ಗುಂಡಿ ಒತ್ತಿಕೊಂಡರೆ ಅಥವಾ ಅಜ್ಜಿ ಜಾರಿಬಿದ್ದರೆ, ಹೊರಗಿನವರಿಗೆ ಕೀಲಿಕೈಯೇ ದಾರಿ. ಆ ಕೀಲಿಕೈ ಕಪಾಟಿನೊಳಗಿರದೆ, ಬಾಗಿಲ ಹೊರಗೆ, ಎಲ್ಲರಿಗೂ ಗೊತ್ತಿರುವ ಮೊಳೆಯಲ್ಲಿ ತೂಗುತ್ತಿರಬೇಕು. ಮಳೆ ಹಿಡಿಯುವ ಮುನ್ನ ಅದನ್ನೊಮ್ಮೆ ಹಾಕಿ ತಿರುಗಿಸಿ ನೋಡಿರಬೇಕು.

ಪರಿಸರದ ಸಭೆಯಲ್ಲಿ ಬೀಗದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಬೀಗವೆಂದರೆ ಉಕ್ಕು, ಹಿತ್ತಾಳೆ, ಸತು. ಇವೆಲ್ಲವೂ ಎಲ್ಲಿಯದೋ ನೆಲವನ್ನು ಅಗೆದೇ ಬಂದವು. ಕುದುರೆಮುಖದ ಕಬ್ಬಿಣದ ಗಣಿಗಾರಿಕೆಯು ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಅಂತ್ಯಕ್ಕೆ ನಿಂತಿತು. ತನ್ನ ಬೆಟ್ಟಕ್ಕೆ ಗಣಿ ಬೇಡವೆಂದ ಮಲೆನಾಡು, ಪೆನ್ಸಿಲಿನಿಂದ ಸರಿಹೋಗುವ ಬೀಗವನ್ನು ಎಸೆದು ಹೊಸದನ್ನು ತಂದರೆ, ಆ ಗಣಿಯನ್ನು ಬೇರೊಬ್ಬರ ಬೆಟ್ಟಕ್ಕೆ ಕಳುಹಿಸಿದಂತೆಯೇ ಆಗುತ್ತದೆ. ನಿಜವಾಗಿ ಸತ್ತ ಬೀಗವೂ ಹಳ್ಳದ ಪಾಲಾಗಬಾರದು. ಸ್ಕ್ರೂ, ತಗಡುಗಳನ್ನು ಡಬ್ಬಿಯಲ್ಲಿಟ್ಟು, ಉಳಿದದ್ದನ್ನು ಗುಜರಿಗೆ ಕೊಟ್ಟರೆ ಹಿತ್ತಾಳೆ ಕರಗಿ ಮತ್ತೆ ಹಿತ್ತಾಳೆಯಾಗುತ್ತದೆ.

ಒಂದು ಸ್ಕ್ರೂಡ್ರೈವರು, ಒಂದು ಅರ, ಒಂದು ಪೆನ್ಸಿಲು, ಒಂದು ತುಂಡು ಸೀಮೆಸುಣ್ಣ: ಇಷ್ಟಿದ್ದರೆ ಈ ಕೆಲಸಕ್ಕೆ ಸಾಕು. ಇವುಗಳಲ್ಲಿ ಎರಡು ವಿದ್ಯಾರ್ಥಿಗಳಿಗೆ ಶಾಲೆಯಲ್ಲೇ ದಿನವೂ ಕೈಗೆ ಸಿಗುತ್ತವೆ. ಈ ಮಳೆಗಾಲದಲ್ಲಿ ಮನೆಯ ಬಾಗಿಲು ಹಠ ಹಿಡಿದಾಗ, ಹೊಸ ಬೀಗದ ಮಾತೆತ್ತುವ ಮುನ್ನ, ಬಾಗಿಲು ತೆರೆದಿಟ್ಟು ಒಮ್ಮೆ ಕೀಲಿಕೈ ತಿರುಗಿಸಿ ನೋಡುವಂತಾಗಲಿ.