ಯಾರನ್ನು ಕೇಳಿ ತೀರ್ಮಾನಿಸಬೇಕು?

ಆಲಮಟ್ಟಿಯಲ್ಲಿ ಅಣೆಕಟ್ಟು ಬೇಕೇ, ಬೇಡವೇ ಎಂದು ಕರ್ನಾಟಕದ ಮತದಾರರನ್ನು ಯಾರೂ ಕೇಳಲಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ನೀರಿನ ಪಾಲನ್ನು ನ್ಯಾಯಮಂಡಳಿ ಹಂಚಿತು, ಹಣಕ್ಕೆ ಶಾಸನಸಭೆ ಒಪ್ಪಿತು. ಹಿನ್ನೀರು ಘಟಪ್ರಭೆಯ ಗುಂಟ ಏರಿ ಬಂದಾಗ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿ, ಸಾವಿರಾರು ಕುಟುಂಬಗಳು ನವನಗರ ಸೇರಿದವು.

ಅಂದು ರಾಜ್ಯವ್ಯಾಪಿ ಜನಮತಗಣನೆ ನಡೆದಿದ್ದರೆ? ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ರೈತರಿಗೆ ನೀರು ಬೇಕಿತ್ತು, ಅದು ನ್ಯಾಯವಾದ ಬೇಡಿಕೆಯೇ. ಆ ರಾಶಿಯಲ್ಲಿ ಮನೆ ಕಳೆದುಕೊಳ್ಳುವವರ ಮತ ಸಾಸಿವೆಯಷ್ಟು. ಶಾಸಕನಾದರೆ ಪರಿಹಾರದ ದರ, ನಿವೇಶನ, ಗಡುವು ಎಂದು ಒಂದೊಂದಕ್ಕೂ ಜಗ್ಗಾಡಬಹುದು. ಹೌದು, ಇಲ್ಲ ಎಂಬ ಎರಡೇ ಉತ್ತರದ ಚೀಟಿಗೆ ಅಷ್ಟು ಬಾಯಿಲ್ಲ.

ಹಾಗಾದರೆ ‘ಜನ’ ಎಂದರೆ ಯಾರು? ಎಲ್ಲ ನಿಂತಿರುವುದು ಇದರ ಮೇಲೆ.

1956ರ ನವೆಂಬರ್ 1ರಂದು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೇರಿದ ಅಂದಿನ ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ಸೇರಿದ್ದು ಸಂಸತ್ತಿನ ಕಾಯಿದೆಯಿಂದ. ಹಳೆಯ ಮೈಸೂರಿನಲ್ಲಿ ಏಕೀಕರಣಕ್ಕೆ ಬಲವಾದ ವಿರೋಧವಿತ್ತು. ಅಲ್ಲಿನವರನ್ನಷ್ಟೇ ಕೇಳಿದ್ದರೆ ಉತ್ತರ ಏನಾಗುತ್ತಿತ್ತೋ!

ನೆರೆಯ ಗೋವಾದಲ್ಲಿ ಆದದ್ದು ಬೇರೆ. ಮಹಾರಾಷ್ಟ್ರ ಸೇರಬೇಕೇ ಎಂದು 1967ರ ಜನವರಿ 16ರಂದು ಗೋವಾದವರನ್ನೇ ಕೇಳಿದರು. 34,021 ಮತಗಳ ಅಂತರದಲ್ಲಿ ಅವರು ಬೇಡವೆಂದರು. ಮಹಾರಾಷ್ಟ್ರದವರೂ ಮತ ಹಾಕಿದ್ದರೆ ಗೋವಾದ ಮಾತು ಅಡಗಿಹೋಗುತ್ತಿತ್ತು. 2016ರಲ್ಲಿ ಸ್ಕಾಟ್ಲೆಂಡಿಗೆ ಆದದ್ದು ಅದೇ: ಅಲ್ಲಿ ಶೇ. 62 ಮಂದಿ ಯುರೋಪಿನ ಒಕ್ಕೂಟದಲ್ಲೇ ಇರೋಣ ಎಂದರೂ ಇಡೀ ಬ್ರಿಟನ್ನಿನ ಶೇ. 51.9ರ ತೀರ್ಪು ಅವರನ್ನೂ ಹೊರಗೆ ಒಯ್ದಿತು. ಸ್ವಿಟ್ಜರ್ಲೆಂಡಿನಲ್ಲಿ ಸಂವಿಧಾನ ತಿದ್ದಲು ಒಟ್ಟು ಮತಗಳ ಬಹುಮತ ಸಾಲದು, ಪ್ರಾಂತಗಳ ಬಹುಮತವೂ ಬೇಕು.

ಪ್ರತಿನಿಧಿಗಳನ್ನೂ ಕಣ್ಣುಮುಚ್ಚಿ ನಂಬಲಾಗದು. ಒಡಿಶಾ ಸರ್ಕಾರ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಗಾರಿಕೆಯ ಪರವಾಗಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳನ್ನು ಕೇಳಿ ಎಂದಿತು; ಹನ್ನೆರಡಕ್ಕೆ ಹನ್ನೆರಡೂ ಬೇಡವೆಂದವು. ಅದೇ ವರ್ಷದ ಭೂಸ್ವಾಧೀನ ಕಾಯಿದೆ ಖಾಸಗಿ ಯೋಜನೆಗೆ ಶೇ. 80ರಷ್ಟು ಸಂತ್ರಸ್ತರ ಒಪ್ಪಿಗೆ ಬೇಕೆನ್ನುತ್ತದೆ. ಸರ್ಕಾರವೇ ಕಟ್ಟುವ ಅಣೆಕಟ್ಟಿಗೆ ಆ ಒಪ್ಪಿಗೆ ಬೇಕಿಲ್ಲ. ಮುಳುಗುವ ಹೊಲಕ್ಕೆ ಇದರಿಂದ ಏನು ವ್ಯತ್ಯಾಸ?

ಆಲಮಟ್ಟಿಯ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು 2010ರಲ್ಲೇ ನ್ಯಾಯಮಂಡಳಿ ಅನುಮತಿ ಕೊಟ್ಟಿದೆ. ಏರಿಸಬೇಕೋ ಬೇಡವೋ ಎಂಬುದನ್ನು ಪ್ರತಿನಿಧಿಗಳು ನಿರ್ಧರಿಸಲಿ. ಆದರೆ ಪರಿಹಾರ ಮತ್ತು ಪುನರ್ವಸತಿಯ ಷರತ್ತುಗಳು ಮುಳುಗಲಿರುವ ಊರುಗಳ ಗ್ರಾಮಸಭೆಯಲ್ಲಿ ಮತಕ್ಕೆ ಬಿದ್ದು ಒಪ್ಪಿಗೆ ಪಡೆಯಬೇಕು, ಗೇಟು ಏರುವ ಮೊದಲೇ.